ಕಲ್ಲುಬಾನಿ ಸರಿಸಿದ ಮೂರು ದಿನ

ಭಾರದ ಸಾಮಾನನ್ನು ಇದ್ದ ಜಾಗದಿಂದ ಬೇಕಾದ ಜಾಗಕ್ಕೆ ಸಾಗಿಸುವುದು ನನ್ನ ಉದ್ಯೋಗ. ಅಕ್ಕಿ ಗಿರಣಿಯ ಮಿಷನ್ನು, ರಾಗಿ ಬೀಸುವ ಮಿಷನ್ನು, ಪ್ರಿಂಟಿಂಗ್ ಪ್ರೆಸ್ಸು, ಒಂದು ಸಲ ಆಳೆತ್ತರದ ಕಬ್ಬಿಣದ ತಿಜೋರಿ, ಎಲ್ಲವನ್ನೂ ಸಾಗಿಸಿದ್ದೇನೆ. ತುಮಕೂರಿನಲ್ಲಿ ಈ ಕೆಲಸಕ್ಕೆ ನನ್ನನ್ನು ಕೇಳಿಕೊಂಡು ಬರುತ್ತಾರೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಓದಿದ್ದು ಆರನೇ ಕ್ಲಾಸು, ಅದೂ ಅರ್ಧ. ನನ್ನ ಸಾಮಾನೆಂದರೆ ಎರಡು ಹಾರೆ, ಏಳೆಂಟು ಹಳೇ ಪೈಪಿನ ತುಂಡು, ಒಂದು ಗೋಣಿಚೀಲದಲ್ಲಿ ಮರದ ಬೆಣೆಗಳು. ಇಷ್ಟಿಟ್ಟುಕೊಂಡು ನಾವು ಮೂರು ಜನ, ಹತ್ತು ಜನ ಹೆಣಗುವ ಕೆಲಸವನ್ನು ಮುಗಿಸಿ, ಅಂಗಿ ಕೊಡವಿಕೊಂಡು ಟೀ ಕುಡಿಯಲು ಹೋಗುತ್ತೇವೆ.

"ಯಾರತ್ರ ಕಲ್ತ್ಯಪ್ಪ ಇದ್ನ?" ಎಂದು ಕೇಳುತ್ತಾರೆ.

"ಹೆಣ್ಣು ನೋಡೋಕ್ ಹೋಗಿದ್ದಾಗ ಕಲ್ತೆ" ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆಯೇ. ಆದರೆ ನಡೆದದ್ದು.

ತೊಂಬತ್ತರ ದಶಕದ ಮಾತು. ನಮ್ಮದು ನಿಟ್ಟೂರಿನ ಕಡೆಯ ಹಳ್ಳಿ. ನಾನು ತುಮಕೂರಿನ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿಯಾಗಿದ್ದೆ. ಕ್ವಿಂಟಾಲ್ ಮೂಟೆಯನ್ನು ಕೊಕ್ಕೆ ಹಾಕಿ ಬೆನ್ನಿಗೆ ಎಳೆದುಕೊಂಡು, ಹಲಗೆಯ ಮೇಲೆ ಹತ್ತಿ ಲಾರಿಗೆ ಹಾಕುವ ಕೆಲಸ. ಯಾರ್ಡಿನಲ್ಲಿ ನಮ್ಮದೇ ಒಂದು ಕಾನೂನಿತ್ತು. ಯಾವ ಪುಸ್ತಕದಲ್ಲೂ ಇಲ್ಲದ ಕಾನೂನು. ಬೆನ್ನಿನ ಮೇಲೆ ಹೊತ್ತರೆ ಮಾತ್ರ ಗಂಡಸು. ಅಂಗಡಿಯವರು ಒಂದು ಕೈಗಾಡಿ ಇಟ್ಟಿದ್ದರು, ಎರಡು ಚಕ್ರದ್ದು. ಅದನ್ನು ಮುಟ್ಟಿದವನಿಗೆ ಅವತ್ತೆಲ್ಲ ಗೋಳು. "ಏನ್ಲಾ, ಮಗೂನ ಗಾಡೀಲಿ ಕೂರಿಸ್ಕಂಡು ಎಲ್ಲಿಗ್ ಹೊಂಟೆ?" ಎನ್ನುವರು. ಅವತ್ತು ಹೆಚ್ಚು ಮೂಟೆ ಹೊತ್ತವನಿಗೆ ಸಂಜೆ ಮೊದಲ ಟೀ. ಆ ಮೊದಲ ಟೀ ವಾರದಲ್ಲಿ ನಾಲ್ಕು ದಿನ ನನಗೇ ಬರುತ್ತಿತ್ತು. ಲೋಟ ಕೈಗೆ ಬಂದ ಮೇಲೆ ತಕ್ಷಣ ಕುಡಿಯುತ್ತಿರಲಿಲ್ಲ, ಎಲ್ಲರೂ ನೋಡಲಿ ಎಂದು ಸ್ವಲ್ಪ ಹೊತ್ತು ಹಿಡಿದುಕೊಂಡು ನಿಲ್ಲುತ್ತಿದ್ದೆ.

ಆಗ ನನಗೆ ಹೆಣ್ಣು ನೋಡಲು ಶುರುಮಾಡಿದರು. ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಒಂದು ಸಂಬಂಧ ಇದೆ, ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಇಪ್ಪತ್ತೊಂದು ತುಂಬಿದೆ, ತಾಯಿ ಇಲ್ಲ, ಅಜ್ಜಿ ಬೆಳೆಸಿದ್ದು, ತಂದೆ ಪ್ರೈವೇಟ್ ಬಸ್ಸಿನ ಡ್ರೈವರ್ ಎಂದು ಸುದ್ದಿ ಬಂತು. ಅಪ್ಪ ದನಗಳನ್ನು ಬಿಟ್ಟು ಬರಲಾಗದೆ ಊರಲ್ಲೇ ಉಳಿದ. ನಾನು, ಅವ್ವ, ನನ್ನ ಸೋದರಮಾವ ಮೂವರೂ ಹೊರಟೆವು. ನಾನು ಹೊಸ ಬಿಳೀ ಪಂಚೆ, ಇಸ್ತ್ರಿ ಹಾಕಿದ ಶರಟು. ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ, ಇಸ್ತ್ರಿ ಕೆಟ್ಟೀತೆಂದು.

ಮನೆ ಊರಿನ ಕೊನೆಗಿತ್ತು. ಮುಂದೆ ಅಂಗಳ, ಅಂಗಳಕ್ಕೆ ಜಗಲಿ. ಉಪ್ಪಿಟ್ಟು ಬಾಳೆಹಣ್ಣು ಕೊಟ್ಟರು. ಆ ಮನೆಯ ಪದ್ಧತಿಯನ್ನು ಸೋದರಮಾವ ದಾರಿಯಲ್ಲೇ ಹೇಳಿದ್ದ. "ಉಪ್ಪಿಟ್ಟು ಎಲ್ರಿಗೂ ಕೊಡ್ತಾರೆ ಕಣೋ. ಎಲೆ ಹಾಕಿ ಒಬ್ಬಟ್ಟಿನ ಊಟ ಹಾಕುದ್ರೆ ಒಪ್ಪವ್ರೆ ಅಂತ. ಬಾಯಲ್ಲಿ ಹೇಳಾಕಿಲ್ಲ."

ಹುಡುಗಿಯ ತಂದೆ ಕೇಳಿದರು. "ಏನ್ ಕೆಲ್ಸ ಮಾಡ್ತೀಯಪ್ಪ?"

"ಯಾರ್ಡಲ್ಲಿ ಹಮಾಲಿ" ಎಂದೆ.

ಸೋದರಮಾವನಿಗೆ ಅಷ್ಟು ಚಿಕ್ಕ ಉತ್ತರ ಸಹಿಸಲಾಗಲಿಲ್ಲ. "ಸುಮ್ನೆ ಹಮಾಲಿ ಅಲ್ಲ ಯಜಮಾನ್ರೇ. ಕ್ವಿಂಟಾಲ್ ಮೂಟೆ ಬೆನ್ ಮೇಲಾಕ್ಕಂಡು ಹಲಗೆ ಮೇಲೆ ಓಡ್ತಾನೆ ಇವ್ನು."

ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದ ಅಜ್ಜಿ, ಹಣೆ ತುಂಬ ವಿಭೂತಿ, ಕಡ್ಡಿಯಂಥ ಮೈ, ತಲೆ ಎತ್ತಿ ನನ್ನನ್ನು ನೋಡಿದರು. "ಓಡಾದ್ಯಾಕಪ್ಪ? ಮೂಟೆ ಏನ್ ಕದ್ಕಂಡ್ ಬಂದಿದ್ದಾ?"

ಎಲ್ಲರೂ ನಕ್ಕರು. ಅದನ್ನು ತಡೆದುಕೊಂಡೆ. ಆದರೆ ಬಾಗಿಲ ಹಿಂದಿನಿಂದಲೂ ಒಂದು ನಗು ಕೇಳಿತು. ಅದನ್ನು ತಡೆದುಕೊಳ್ಳಲಾಗಲಿಲ್ಲ.

ಅಂಗಳದ ನಡುವೆ ಒಂದು ಕಲ್ಲುಬಾನಿ ಇತ್ತು. ದನಗಳಿಗೆ ಮುಸುರೆ, ನೀರು ಹುಯ್ಯುವ ಕಲ್ಲಿನ ತೊಟ್ಟಿ. ಒಂದೇ ಬಂಡೆಯಲ್ಲಿ ಕಡೆದದ್ದು, ಉದ್ದಕ್ಕೆ ಮಲಗಿದರೆ ಒಬ್ಬ ಆಳು ಹಿಡಿಸುವಂಥದ್ದು, ಬುಡ ಅರ್ಧ ಗೇಣು ಮಣ್ಣಲ್ಲಿ ಹೂತಿತ್ತು. ಮನೆಯ ಹಿಂದೆ ಹೊಸ ಕೊಟ್ಟಿಗೆ ಕಟ್ಟಿಸಿ ದನಗಳನ್ನು ಆಗಲೇ ಅಲ್ಲಿ ಕಟ್ಟಿದ್ದಾರಂತೆ, ಬಾನಿಯನ್ನು ಅಲ್ಲಿಗೆ ಸಾಗಿಸಬೇಕಂತೆ. "ಭಾನುವಾರ ಎಂಟು ಜನಾನ ಕರೀಬೇಕು" ಎಂದರು ಹುಡುಗಿಯ ತಂದೆ.

"ಎಂಟು ಜನ ಯಾಕೆ" ಎಂದೆ. ಎದ್ದು ಪಂಚೆ ಎತ್ತಿ ಕಟ್ಟಿದೆ. "ಒಂದು ಕಡೆ ನಾನೊಬ್ನೇ ಎತ್ತೀನಿ. ಇನ್ನೊಂದು ಕಡೆ ಮೂರು ಜನ ಇದ್ರೆ ಸಾಕು. ನೋಡ್ತೀರಾ?"

"ಬ್ಯಾಡ ಕಣಪ್ಪ" ಎಂದರು ಅಜ್ಜಿ. "ಅದು ನಮ್ಮತ್ತೆ ಕಾಲದ್ದು. ಅದಕ್ಕೂ ನಿನ್ನಂಗೇ ಜಂಬ ಜಾಸ್ತಿ."

ನಾನು ಕೇಳಲಿಲ್ಲ. ಬಾನಿಯ ಒಂದು ತುದಿಗೆ ಕೈಕೊಟ್ಟು, ಉಸಿರು ಕಟ್ಟಿ ಎತ್ತಿದೆ. ಎದ್ದಿತು. ಸುಳ್ಳು ಹೇಳುವುದಿಲ್ಲ, ಮಣ್ಣಿನಿಂದ ಕಿತ್ತುಕೊಂಡು ಒಂದು ಗೇಣು ಮೇಲೆ ಬಂತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾಗಿಲ ಹಿಂದೆ ನಕ್ಕವಳು ಇದನ್ನು ನೋಡಿದಳೋ ಇಲ್ಲವೋ ಎಂದು ಸೊಂಟ ತಿರುಗಿಸಿ ಆ ಕಡೆ ನೋಡಿದೆ. ಸೊಂಟದೊಳಗೆ ಕಳಕ್ ಎಂದಿತು. ಬಾನಿ ತನ್ನ ಗುಂಡಿಗೇ ವಾಪಸು ಬಿತ್ತು. ನಾನು ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

"ಎದ್ದೇಳಪ್ಪ, ಸಾಕು" ಎಂದರು ಹುಡುಗಿಯ ತಂದೆ.

"ಎದ್ದೇ ಇದೀನಿ" ಎಂದೆ. ನನ್ನ ಮಟ್ಟಿಗೆ ಅದು ನಿಜವಾಗಿತ್ತು. ನೋಡುವವರಿಗೆ ಮಾತ್ರ ನಾನು ಯಾರ್ಡಿನ ಕೊಕ್ಕೆಯಂತೆ ಕಾಣುತ್ತಿದ್ದೆ.

ಇಬ್ಬರು ಹಿಡಿದು ತಂದು ಜಗಲಿಯ ಮೇಲೆ ಚಾಪೆ ಹಾಸಿ ಬೋರಲು ಮಲಗಿಸಿದರು. ಅಜ್ಜಿ ಸೊಂಟದ ಮೇಲೆ ಬೆರಳೊತ್ತಿ ನೋಡಿದರು. "ಹಿಡ್ಕಂಡದೆ. ಕಾಲು ಮುಂದಾಗಿ ಹುಟ್ಟಿದೋರು ಒದ್ರೆ ಬುಡ್ತದೆ" ಎಂದರು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಇದು. ಮಗು ಹುಟ್ಟುವಾಗ ತಲೆ ಮುಂದಾಗಿ ಬರುತ್ತದೆ. ಅಪರೂಪಕ್ಕೆ ಕೆಲವರು ಕಾಲು ಮುಂದಾಗಿ ಹುಟ್ಟುತ್ತಾರೆ. ಅಂಥವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಂಬಿಕೆ. ಅವ್ವ ಗಾಬರಿಯಲ್ಲಿ ಕೇಳಿದಳು. "ಅಂಥೋರು ಈ ಊರಲ್ಲಿ ಯಾರವ್ರೆ ಅಜ್ಜಿ?"

ಅಜ್ಜಿ ಬಾಗಿಲ ಕಡೆ ನೋಡಿದರು. ಹುಡುಗಿಯ ತಂದೆ ಕೆಮ್ಮಿದರು.

"ನಮ್ಮನೇಲೇ ಒಬ್ಬಳವ್ಳೆ ಕಣವ್ವ" ಎಂದರು ಅಜ್ಜಿ ಕೊನೆಗೆ. "ನೀವು ನೋಡೋಕ್ ಬಂದಿರೋಳೇ."

ಸೋದರಮಾವ ಟವಲು ಬಾಯಿಗಿಟ್ಟುಕೊಂಡು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. "ನಂಗೆ ಹೆಂಡ್ತಿ ಒದೆ ಬಿದ್ದಿದ್ದು ಮದ್ವೆಯಾಗಿ ಹತ್ತು ವರ್ಷ ಆದ್ಮೇಲೆ ಕಣೋ. ನಿಂಗೆ ನೋಡೋಕ್ ಬಂದ ದಿನವೇ ಸಿಗ್ತಾ ಐತೆ. ಪುಣ್ಯ ಮಾಡಿದ್ದೆ ಬುಡು."

ಹೆಣ್ಣು ನೋಡಲು ಹೋದವನು ಮೊದಲು ಮುಖ ನೋಡಬೇಕು. ನಾನು ಮೊದಲು ನೋಡಿದ್ದು ಅವಳ ಪಾದ. ಕಾಲುಚೈನು, ಹಿಮ್ಮಡಿಗೆ ಅಂಟಿದ ಸಗಣಿಯ ಒಣಗಿದ ಚುಕ್ಕೆ. ತಲೆಯ ಮೇಲಿನಿಂದ ದನಿ ಬಂತು. "ಮೆತ್ತಗೆ ಒದೀಲೋ, ಜೋರಾಗ್ ಒದೀಲೋ?"

"ಜೋರಾಗೇ ಒದೀರಿ" ಎಂದೆ. ಜಂಬ ಇನ್ನೂ ಇಳಿದಿರಲಿಲ್ಲ.

ಅವಳು ಮಾತಿಗೆ ತಪ್ಪಲಿಲ್ಲ. ಮೂರು ಸಲ ಒದ್ದಳು. ಸೊಂಟ ಬಿಡಲಿಲ್ಲ. "ಮೂರು ದಿನ ಒದೀಬೇಕು" ಎಂದು ಅಜ್ಜಿ ತೀರ್ಪು ಕೊಟ್ಟರು. ನನ್ನನ್ನು ಬಸ್ಸಿನಲ್ಲಿ ಕೂರಿಸಿ ಸಾಗಿಸುವಂತೆಯೂ ಇರಲಿಲ್ಲ. ಅವ್ವ ನನ್ನ ಜೊತೆ ಉಳಿದಳು. ಸೋದರಮಾವ ಅಪ್ಪನಿಗೆ ಸುದ್ದಿ ಮುಟ್ಟಿಸಲು ಹೊರಟ.

ಈಗ ನಗು ಬರುತ್ತದೆ. ಅವತ್ತು ನಗು ಬರುವ ಹಾಗಿರಲಿಲ್ಲ. ನೋಡಲು ಬಂದ ಗಂಡು ಹುಡುಗಿಯ ಮನೆಯಲ್ಲೇ ಮಲಗಿದ್ದಾನೆ ಎಂಬುದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಇನ್ನು ಸಂಬಂಧ ಮುರಿದರೆ ಅವಳಿಗೆ 'ಗಂಡನ್ನು ಒದ್ದು ಕಳಿಸಿದವಳು' ಎಂಬ ಹೆಸರು. ನನಗೆ ಯಾರ್ಡಿನಲ್ಲಿ ಇನ್ನೂ ದೊಡ್ಡ ಹೆಸರು. ಅವ್ವ ಅದನ್ನು ಮೆಲ್ಲಗೆ ಅಜ್ಜಿಯ ಹತ್ತಿರ ಪ್ರಸ್ತಾಪ ಮಾಡಿದಳು. ಮಾತುಕತೆ ಇವತ್ತೇ ಮುಗಿಸಿಬಿಡೋಣವೇ ಎಂದು. ಅಜ್ಜಿ ಒಪ್ಪಲಿಲ್ಲ. "ಸೊಂಟ ಹಿಡ್ದಿದ್ದಕ್ಕೆ ಹೆಣ್ಣು ಕೊಡಾಕಾಯ್ತದಾ? ಅವಳು ಹೇಳ್ಲಿ." ನನಗೆ ರಾಗಿ ಗಂಜಿ, ಮಜ್ಜಿಗೆ ತಂದಿಟ್ಟಾಗ ಅದನ್ನೂ ಸ್ಪಷ್ಟಪಡಿಸಿದರು. "ಇದು ರೋಗಿ ಊಟ ಕಣಪ್ಪ. ಬೀಗರೂಟ ಅಂದ್ಕಬ್ಯಾಡ."

ಮಾರನೆಯ ದಿನ ಹುಡುಗಿಯ ತಂದೆ ಮೊದಲ ಟ್ರಿಪ್ಪಿಗೆ ಹೋದರು. ಅಜ್ಜಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಸೊಂಟಕ್ಕೆ ಕಟ್ಟಿದರು. ಹುಡುಗಿ ಬಂದು, ಬಸ್ಸಿನ ಟೈರು ಒದ್ದು ನೋಡುವವರಂತೆ, ಮೂರು ಸಲ ಒದ್ದು ಹೋದಳು. ಜಗಲಿಯ ಪಕ್ಕದಲ್ಲೇ ಅಡುಗೆಮನೆಯ ಕಿಟಕಿ. ನಾನು ನಿದ್ದೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ಅಜ್ಜಿಗೆ ಹೇಳಿದ್ದು ನನಗೆ ಕೇಳಿತು.

"ಮನುಷ್ಯ ಒಳ್ಳೇವ್ರಂಗೇ ಅವ್ರೆ ಅಜ್ಜಿ. ಆದ್ರೆ ಬೆನ್ನೊಂದ್ನೇ ನಂಬ್ಕಂಡವ್ರೆ. ಬೆನ್ನು ಹೋದ ದಿನ ಏನ್ ಮಾಡಾದು?"

ಬೆನ್ನಿಗೆ ಬಿದ್ದ ಆರು ಒದೆಗಳಿಗಿಂತ ಆ ಮಾತು ಜೋರಾಗಿ ಬಿತ್ತು. ಯಾರ್ಡಿನಲ್ಲಿ ಅಂಥ ದಿನ ಕಂಡವರು ಇದ್ದರು. ಅವರಿಗೆ ಎರಡು ದಿನ ಟೀ ಕೊಡಿಸಿ, ಮೂರನೇ ದಿನ ಮರೆಯುತ್ತಿದ್ದೆವು.

ಬಿಸಿಲೇರುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಇಬ್ಬರೂ ಅಂಗಳಕ್ಕೆ ಬಂದರು. ಒಬ್ಬರ ಕೈಯಲ್ಲಿ ಹಾರೆ, ಇನ್ನೊಬ್ಬರ ಕಂಕುಳಲ್ಲಿ ನೀರಿನ ಪೈಪಿನ ನಾಲ್ಕೈದು ತುಂಡು. "ಭಾನುವಾರದ ತಂಕ ಹಸ ಎಲ್ಲಿ ಕುಡೀಬೇಕು" ಎಂದುಕೊಂಡು ಅಜ್ಜಿ ಸೆರಗು ಸಿಕ್ಕಿಸಿದರು. ನಾನು ಚಾಪೆಯ ಮೇಲಿಂದ ಕತ್ತೆತ್ತಿದೆ. ಈ ಇಬ್ಬರು ಹೆಂಗಸರು ಏನು ಮಾಡುತ್ತಾರೋ ನೋಡೋಣ ಎಂದು.

ಹುಡುಗಿ ಬಾನಿಯ ಬುಡದಲ್ಲಿ ಮಣ್ಣು ಬಿಡಿಸಿ ಹಾರೆಯ ಚಪ್ಪಟೆ ತುದಿ ತೂರಿಸಿದಳು. ಅಜ್ಜಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ತಂದು ಹಾರೆಯ ಕೆಳಗೆ, ಬಾನಿಗೆ ತಾಗುವಷ್ಟು ಹತ್ತಿರ ಇಟ್ಟರು. ಹುಡುಗಿ ಹಾರೆಯ ಈಚೆ ತುದಿಯ ಮೇಲೆ ಕೈಯೂರಿ, ಕಟ್ಟೆಯ ಮೇಲೆ ಕೂರುವವಳಂತೆ ಸುಮ್ಮನೆ ಮೈಭಾರ ಬಿಟ್ಟಳು. ನನ್ನ ಸೊಂಟ ಮುರಿದ ಆ ಬಾನಿ, ಮಾತು ಕೇಳುವ ಹಸುವಿನಂತೆ ತುದಿ ಎತ್ತಿತು. ಅಜ್ಜಿ ಒಂದು ಪೈಪಿನ ತುಂಡನ್ನು ಕಾಲಿನಿಂದಲೇ ಕೆಳಗೆ ತಳ್ಳಿದರು. ಆಮೇಲೆ ಇನ್ನೊಂದು ತುದಿ. ಆಮೇಲೆ ನಡುವೆ. ಅದು ಪೈಪುಗಳ ಮೇಲೆ ಕೂತ ಮೇಲೆ ಇಬ್ಬರೂ ಹಿಂದೆ ನಿಂತು ಹಾರೆಯಿಂದ ಮೀಟಿದರು. ಒಂದು ಮೊಳ ಉರುಳಿತು. ಹಿಂದೆ ಬಿಟ್ಟ ಪೈಪನ್ನು ತಂದು ಮುಂದಿಟ್ಟರು. ಮತ್ತೆ ಒಂದು ಮೊಳ. ನಡುನಡುವೆ ಅಜ್ಜಿ ಎಲೆಅಡಿಕೆ ಹಾಕಿಕೊಂಡರು. ಪಕ್ಕದ ಮನೆಯವರ ಸೊಸೆಯ ವಿಷಯ ಮಾತಾಡಿಕೊಂಡರು. ನನ್ನ ಅವ್ವನೂ ಸೇರಿಕೊಂಡು ಪೈಪು ಎತ್ತಿಡತೊಡಗಿದಳು. ಮಧ್ಯಾಹ್ನದೊಳಗೆ ಬಾನಿ ಅಂಗಳ ದಾಟಿ ಮನೆಯ ಪಕ್ಕದ ಓಣಿಯ ಬಾಯಿಗೆ ಬಂದಿತ್ತು. ಮೂವರಲ್ಲಿ ಒಬ್ಬರ ಹಣೆಯ ಮೇಲೂ ಸರಿಯಾಗಿ ಬೆವರಿರಲಿಲ್ಲ.

ಮೊದಲು ಸಿಟ್ಟು ಬಂತು. ಇದು ಮೋಸ ಎನ್ನಿಸಿತು, ಆಟದಲ್ಲಿ ಯಾರೋ ಕಳ್ಳಾಟ ಆಡಿದ ಹಾಗೆ. ಆಮೇಲೆ ಯೋಚನೆ ಮಾಡಿದೆ. ಮಲಗಿದವನಿಗೆ ಅದು ಬಿಟ್ಟು ಬೇರೆ ಕೆಲಸ ಏನಿದೆ. ಮೋಸ ಯಾರಿಗೆ? ಬಾನಿಗಾ?

ಸಂಜೆ ಹುಡುಗಿ ಮಜ್ಜಿಗೆ ತಂದಿಟ್ಟಾಗ ಕೇಳಿದೆ. "ಇದನ್ನೆಲ್ಲ ಸ್ಕೂಲಲ್ಲಿ ಹೇಳ್ಕೊಟ್ರಾ?"

"ಸ್ಕೂಲಲ್ಲಿ ಇದಕ್ಕೆ ಸನ್ನೆಗೋಲು ಅಂತ ಹೆಸ್ರು ಹೇಳ್ಕೊಟ್ರು. ಕೆಲ್ಸ ಹೇಳ್ಕೊಟ್ಟಿದ್ದು ಅಜ್ಜಿ. ಅಜ್ಜಿ ಸ್ಕೂಲ್ ಬಾಗ್ಲೇ ನೋಡಿಲ್ಲ."

"ಮನೇಲಿ ಗಂಡಸ್ರು ಇರ್ಲಿಲ್ವಾ?"

"ಅಪ್ಪ ಬೆಳಿಗ್ಗೆ ಹೊಂಟ್ರೆ ಬರೋದು ಸಂಜೆ. ಅಲ್ಲೀಗಂಟ ಅಕ್ಕಿ ಮೂಟೆ, ನೀರಿನ ಗುಡಾಣ, ಬಾಗ್ಲಿಗೆ ಬಿದ್ದ ಮರ, ಎಲ್ಲಾ ಕಾಯ್ತವಾ?"

ಆಗ ನಾನು ಒಂದು ಮಾತು ಹೇಳಿದೆ. ಆ ಮಾತು ಗಂಟಲಿಂದ ಹೊರಗೆ ಬರಲು ಬಾನಿಗಿಂತ ಹೆಚ್ಚು ಕಷ್ಟಪಟ್ಟಿತು. ಸ್ಕೂಲು ಬಿಟ್ಟ ಮೇಲೆ ಯಾರ ಹತ್ತಿರವೂ ಆಡದ ಮಾತು.

"ನಂಗೂ ಹೇಳ್ಕೊಡ್ತೀರಾ?"

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ನಾಳೆ ಸೊಂಟ ಬುಟ್ರೆ ನೋಡಣ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಮೂರನೇ ದಿನ ಬೆಳಿಗ್ಗೆ ಒಂಬತ್ತನೇ ಒದೆ ಬಿದ್ದಾಗ ಸೊಂಟ ಬಿಟ್ಟಿತು. ಎಕ್ಕದ ಎಲೆಗೋ, ಎರಡು ದಿನ ಬೋರಲು ಮಲಗಿದ್ದಕ್ಕೋ, ಒದೆಗೋ, ಯಾವುದಕ್ಕೆ ಬಿಟ್ಟಿತೋ ನಾನು ವಾದ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಒದೆಗೆ ಎಂದೇ ಲೆಕ್ಕ. ನೆಟ್ಟಗೆ ನಿಂತೆ. ಅವ್ವ ಕಣ್ಣೊರೆಸಿಕೊಂಡಳು. ಅಜ್ಜಿ ಹಾರೆಯನ್ನು ನನ್ನ ಕೈಗೆ ಕೊಟ್ಟರು.

ಬಾನಿ ಓಣಿಯಲ್ಲಿ ತಿರುಗಿ ಕೊಟ್ಟಿಗೆಗೆ ಹೋಗಬೇಕಿತ್ತು. ತಿರುಗಿಸುವುದೇ ಕಷ್ಟದ ಕೆಲಸ. ನಾನು ಹಾರೆ ತೂರಿಸಿ, ಕೆಳಗೆ ಕಲ್ಲು ಇಟ್ಟು, ತುದಿಯನ್ನು ಒತ್ತಿದೆ. ಅಲುಗಲಿಲ್ಲ. ಅಭ್ಯಾಸಬಲ, ಹಲ್ಲು ಕಚ್ಚಿ ಇನ್ನೂ ಜೋರಾಗಿ ಒತ್ತಲು ಹೋದೆ.

"ಹಲ್ಲು ಬುಡಿ" ಎಂದಳು ಹುಡುಗಿ. "ಹಲ್ಲು ಕಚ್ಚೋ ಹಂಗಾದ್ರೆ ಕಲ್ಲು ತಪ್ಪು ಜಾಗದಲ್ಲೈತೆ ಅಂತ. ನಿಮ್ಮತ್ರ ಇಟ್ಕಂಡಿದೀರ. ಕಲ್ಲು ನಿಮ್ಮತ್ರ ಇದ್ರೆ ಭಾರಾನೂ ನಿಮ್ಮತ್ರನೇ ಬರತ್ತೆ. ಬಾನಿ ಹತ್ರ ತಳ್ಳಿ."

ತಳ್ಳಿದೆ.

"ಇನ್ನೂ."

ಇನ್ನೂ ತಳ್ಳಿದೆ. ಕಲ್ಲು ಬಾನಿಯ ಬುಡಕ್ಕೆ ತಾಗಿತು. ಹಾರೆಯ ತುದಿಯನ್ನು ಹಿಡಿದು ಒತ್ತಿದೆ. ಒತ್ತಿದೆ ಎನ್ನುವುದೂ ಹೆಚ್ಚೇ. ಬಾನಿ ಎದ್ದಿತು. ನನ್ನ ಮೈಯಲ್ಲಿ ಎಲ್ಲೂ ಏನೂ ಆಗಲಿಲ್ಲ. ಬೆನ್ನಿಗೆ ಗೊತ್ತೇ ಆಗಲಿಲ್ಲ. ಎಷ್ಟೋ ವರ್ಷ ಬೆನ್ನಿನಿಂದ ದುಡಿದವನಿಗೆ ಬೆನ್ನಿಗೆ ಗೊತ್ತಾಗದಂತೆ ಭಾರ ಏಳುವುದು ಹೇಗಿರುತ್ತದೆ ಎಂದು ಬರೆದು ತಿಳಿಸಲಾರೆ. ನಾನು ನಕ್ಕುಬಿಟ್ಟೆ. ಇಳಿಸಿ ಮತ್ತೆ ಎತ್ತಿದೆ. ಮತ್ತೆ ಇಳಿಸಿ ಎತ್ತಿದೆ.

"ಬಾನಿ ಏನ್ ಉಯ್ಯಾಲೆ ಅಂದ್ಕಂಡ್ಯೇನಪ್ಪ" ಎಂದರು ಅಜ್ಜಿ. "ಮುಂದಕ್ ಸಾಗ್ಸು."

ಮಧ್ಯಾಹ್ನ ಹುಡುಗಿಯ ತಂದೆ ಇನ್ನೊಬ್ಬ ಡ್ರೈವರಿಗೆ ಟ್ರಿಪ್ಪು ಒಪ್ಪಿಸಿ ಬಂದರು. ಅದೇ ಬಸ್ಸಿನಲ್ಲಿ ನನ್ನ ಸೋದರಮಾವನೂ ಇಳಿದ. ನನ್ನನ್ನು ಹೊತ್ತುಕೊಂಡು ಹೋಗಲು ಒಂದು ಹಗ್ಗದ ಮಂಚ ತರಬೇಕೋ ಎಂದು ವಿಚಾರಿಸಲು ಬಂದಿದ್ದ. ಅವರು ನೋಡಿದ್ದೇನು? ಬಾನಿ ಕೊಟ್ಟಿಗೆಯ ಗೋಡೆಗೆ ಸರಿಯಾಗಿ ಕೂರುವ ಮುನ್ನ ಕೊನೆಯ ಗೇಣು. ನಾನು ಹಾರೆಯ ತುದಿಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ನಿಂತಿದ್ದೇನೆ. "ಕೂತ್ಕೊ" ಎಂದೆ ಬಾನಿಗೆ. ಕೂತಿತು.

"ಏನ್ಲಾ, ಮಂತ್ರ ಕಲ್ತ್ಯಾ?" ಎಂದ ಸೋದರಮಾವ.

ಕೈಕಾಲು ತೊಳೆದುಕೊಂಡು ಬಂದೆವು. ನಡುಮನೆಯಲ್ಲಿ ಬಾಳೆ ಎಲೆ ಹಾಕಿತ್ತು. ಎಲೆಯ ತುದಿಗೆ ಉಪ್ಪು, ಕೋಸಂಬರಿ, ಪಲ್ಯ. ಆಮೇಲೆ ಹುಡುಗಿ ತಟ್ಟೆ ಹಿಡಿದುಕೊಂಡು ಬಂದು ನನ್ನ ಎಲೆಗೆ ಒಂದು ಒಬ್ಬಟ್ಟು ಹಾಕಿದಳು. ಅದರ ಮೇಲೆ ಇನ್ನೊಂದು. ಸೋದರಮಾವ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದ. ಹುಡುಗಿಯ ತಂದೆ ತುಪ್ಪ ಹಾಕುತ್ತ, "ಜಾಸ್ತಿ ಬಗ್ಬೇಡಪ್ಪ, ಸೊಂಟ" ಎಂದರು. ಯಾರೂ ಬಾಯಲ್ಲಿ ಒಪ್ಪಿಗೆ ಎಂದು ಹೇಳಲಿಲ್ಲ. ನಾನು ಎಂಟು ಒಬ್ಬಟ್ಟು ತಿಂದೆ.

ಮದುವೆಯಾಗಿ ತುಮಕೂರಿನಲ್ಲಿ ಮನೆ ಮಾಡಿದೆವು. ಯಾರ್ಡಿಗೆ ವಾಪಸು ಹೋದ ಮೊದಲ ದಿನವೇ ನಾನು ಕೈಗಾಡಿ ಎಳೆದುಕೊಂಡು ಬಂದೆ. ನಿರೀಕ್ಷೆ ಮಾಡಿದ್ದೆಲ್ಲ ಬಂತು. "ನೋಡ್ರೋ, ಹೆಂಡ್ತಿ ಒದ್ದು ಒದ್ದು ಗಾಡಿ ಹಿಡಿಸವ್ಳೆ" ಎಂದರು. "ಹೌದು ಕಣ್ರೋ, ನಿಮಗೂ ಬೇಕಾದ್ರೆ ಬನ್ನಿ, ಒದೆಸ್ತೀನಿ" ಎಂದೆ. ಅವತ್ತು ಸಂಜೆ ಲೆಕ್ಕ ಹಾಕಿದಾಗ ಹೆಚ್ಚು ಮೂಟೆ ನನ್ನವೇ. ಮೊದಲ ಟೀ ಕೊಡಬೇಕೋ ಬೇಡವೋ ಎಂದು ದೊಡ್ಡ ಜಗಳವಾಯಿತು. ಬೆನ್ನಿನ ಮೇಲೆ ಹೊತ್ತದ್ದಲ್ಲವಲ್ಲ. ಕೊಡಲಿಲ್ಲ. ಮನೆಗೆ ಬಂದು ಕುಡಿದೆ. ಬೆನ್ನು ನೋಯದೆ ಕೂತು ಕುಡಿಯುವ ಟೀಯ ರುಚಿ ಬೇರೆ.

ಗುಬ್ಬಿಯಲ್ಲಿ ಒಂದು ಅಕ್ಕಿ ಗಿರಣಿಯವರು ಹಳೇ ಶೆಡ್ಡಿನಿಂದ ಹೊಸ ಶೆಡ್ಡಿಗೆ ಮಿಷನ್ ಸಾಗಿಸಬೇಕಾಗಿ ಬಂದು, ಹತ್ತು ಜನ ಹಮಾಲಿಗಳನ್ನು ಕೇಳಲು ಯಾರ್ಡಿಗೆ ಬಂದರು. ಎರಡು ದಿನದ ಕೆಲಸ ಎಂದರು. ನಾನು ಹೋಗಿ ನೆಲ ನೋಡಿದೆ, ಮಿಷನ್ನಿನ ಬುಡ ನೋಡಿದೆ. "ಮೂರು ಜನ ಸಾಕು, ಊಟದ ಹೊತ್ತಿಗೆ ಮುಗೀತದೆ" ಎಂದೆ. ಗಿರಣಿಯವರು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. "ಕುಡ್ದು ಬಂದಿಲ್ಲ ತಾನೇ?" ಎಂದರು. ನಾನು, ನನ್ನ ಜೊತೆ ಯಾರ್ಡಿನ ಇಬ್ಬರು. ಅವರಲ್ಲಿ ಒಬ್ಬ ಅವತ್ತು ನನಗೆ ಟೀ ಕೊಡಬಾರದೆಂದು ವಾದ ಮಾಡಿದ್ದವನೇ. ಕಲ್ಲು ಇಡುವ ಮುಂಚೆ ಒಂದು ಗಂಟೆ ಸುಮ್ಮನೆ ನೋಡುತ್ತ ಕೂತಿದ್ದೆ. ಅವನು "ಏಳೋ, ಕೆಲ್ಸ ಶುರು ಮಾಡಣ" ಎಂದ. "ಶುರುವಾಗದೆ ಕಣೋ, ಇದೇ ಕೆಲ್ಸ" ಎಂದೆ. ಮಧ್ಯಾಹ್ನದ ಪ್ಯಾಸೆಂಜರ್ ರೈಲು ಕೂಗುವ ಮುಂಚೆ ಮಿಷನ್ನು ಹೊಸ ಶೆಡ್ಡಿನಲ್ಲಿ ನಿಂತಿತ್ತು. ಆಮೇಲೆ ನಾನು ಯಾರ್ಡಿಗೆ ಮೂಟೆ ಹೊರಲು ಹೋಗಲಿಲ್ಲ.

ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ಅವರಿಗೆ ಹೇಳುತ್ತೇನೆ, ನಾನು ಇವತ್ತಿಗೂ ಬೆಳಿಗ್ಗೆ ಆರಕ್ಕೆ ಎದ್ದು ದುಡಿಯುವವನು. ದುಡಿಮೆ ಕಡಿಮೆಯಾಗಲಿಲ್ಲ, ಹೆಣಗಾಟ ಕಡಿಮೆಯಾಯಿತು. ನನ್ನ ಹೆಂಡತಿಗೆ ಇದು ಚಿಕ್ಕಂದಿನಿಂದಲೇ ಬಂದಿದೆ. ಬೀದಿ ನಲ್ಲಿಯಿಂದ ಎಲ್ಲರೂ ಕೊಡದಲ್ಲಿ ನೀರು ಹೊರುತ್ತಿದ್ದಾಗ ಇವಳು ತೋಟಕ್ಕೆ ಬಿಡುವ ರಬ್ಬರ್ ಪೈಪು ತಂದು ನಲ್ಲಿಗೆ ಸಿಕ್ಕಿಸಿದಳು. ಮೊದಲು ಬೈದವರೇ ಆಮೇಲೆ ಅದೇ ಪೈಪಿಗೆ ಸರದಿ ನಿಂತರು. ಎರಡು ಸಾವಿರದ ಮೇಲೆ ಮೊಬೈಲು ಬಂದಾಗ, ನನಗ್ಯಾಕೆ ಅದು ಎಂದಿದ್ದೆ. "ಕುಣಿಗಲ್ಲಿಗೆ ಹೋಗಿ, ಮಿಷನ್ನು ಇನ್ನೂ ಬಂದಿಲ್ಲ ಅಂತ ತಿಳ್ಕಂಡು ವಾಪಸ್ ಬರ್ತೀರಲ್ಲ, ಅದಕ್ಕೆ" ಎಂದಳು. ತೆಗೆದುಕೊಂಡೆ. ಅದೂ ಒಂದು ಹಾರೆಯೇ, ಅಂಗಿ ಜೇಬಿಗೆ ಹಿಡಿಸುವಂಥದ್ದು. ಇನ್ನು ಅವಳ ಎಡಗಾಲಿನ ಹೆಸರು ನಮ್ಮ ಬೀದಿ ದಾಟಿ ಹೋಗಿದೆ. ವಾರಕ್ಕೆ ಒಬ್ಬರಾದರೂ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಯಾರ್ಡಿನಲ್ಲಿ ನನ್ನನ್ನು ಗೇಲಿ ಮಾಡಿದವರಲ್ಲಿ ಮೂವರು ಆಗಲೇ ಬಂದು ಹೋಗಿದ್ದಾರೆ. ಅವರನ್ನು ಒದೆಯುವಾಗ ಸ್ವಲ್ಪ ಜೋರಾಗಿ ಎಂದು ನಾನೇ ಹೇಳುತ್ತೇನೆ.

ಇಷ್ಟು ವರ್ಷವೂ ನಾನು ಕಥೆಯನ್ನು ಒಂದೇ ರೀತಿ ಹೇಳುತ್ತಿದ್ದೆ. ಬಾನಿಯನ್ನು ಕೊಟ್ಟಿಗೆಗೆ ಸೇರಿಸಿದೆ, ಅದನ್ನು ನೋಡಿ ಹುಡುಗಿ ಒಪ್ಪಿದಳು, ಒಬ್ಬಟ್ಟು ಹಾಕಿದರು. ಕೇಳಿದವರು ಭಲೇ ಎನ್ನುತ್ತಿದ್ದರು. ಹೆಂಡತಿ ಪಕ್ಕದಲ್ಲಿದ್ದರೆ ಸುಮ್ಮನೆ ನಗುತ್ತಿದ್ದಳು. ಹೆಮ್ಮೆಗೆ ನಗುತ್ತಾಳೆ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಯುಗಾದಿ. ಹಬ್ಬದ ಬೆಳಿಗ್ಗೆ ಸಾಮಾನ್ಯವಾಗಿ ನಾನು ಅಡುಗೆಮನೆಯ ಕಡೆ ಹೋಗುವವನಲ್ಲ. ಅವತ್ತು ಕೆಲಸವಿರಲಿಲ್ಲ, ಸುಮ್ಮನೆ ಹೋಗಿ ಕೂತೆ. 'ಇವತ್ತು ನಾನೂ ಒಬ್ಬಟ್ಟಿಗೆ ಕೈ ಹಾಕ್ತೀನಿ' ಎಂದೆ. ಆಗ ಇನ್ನೂ ಏಳು ಗಂಟೆ. ಅವಳು ಬೇಳೆ ಬೇಯಲು ಇಟ್ಟಳು. ಕಣಕ ಕಲಸಿ, ಎಣ್ಣೆಯಲ್ಲಿ ನೆನೆಯಲು ಬಿಟ್ಟಳು. ಬೇಳೆ ಬೆಂದಿತು, ಬಸಿದಳು, ಬೆಲ್ಲ ಹಾಕಿದಳು, ಕಾಯಿ ತುರಿದಳು, ರುಬ್ಬಿದಳು. ಹೂರಣ ಆರಲಿ ಎಂದಳು. ನಾನು ಗಡಿಯಾರ ನೋಡಿದೆ. ಮತ್ತೆ ನೋಡಿದೆ. ಮೊದಲ ಒಬ್ಬಟ್ಟು ಕಾವಲಿಗೆ ಬೀಳುವ ಹೊತ್ತಿಗೆ ಮಧ್ಯಾಹ್ನ ಆಗುತ್ತ ಬಂದಿತ್ತು.

"ಲೇ" ಎಂದೆ. "ಅವತ್ತು ಅಮೃತೂರಲ್ಲಿ ನಾನು ಬಾನಿ ಕೂರಿಸಿ, ಕೈಕಾಲು ತೊಳ್ಕಂಡು ಬಂದ ತಕ್ಷಣ ಒಬ್ಬಟ್ಟು ಹಾಕಿದ್ರಲ್ಲ."

"ಹಾಕಿದ್ವಿ."

"ಹಂಗಾದ್ರೆ ಬೇಳೆ ಯಾವಾಗ ಇಟ್ರಿ?"

ಅವಳು ಕಾವಲಿಯ ಮೇಲಿದ್ದದ್ದನ್ನು ತಿರುವಿ ಹಾಕಿದಳು. "ಬೆಳಿಗ್ಗೇನೇ. ನಿಮ್ಮ ಸೊಂಟ ಬಿಡೋಕ್ ಮುಂಚೆ. ಅಂಗಡಿಯಿಂದ ಬೆಲ್ಲ ತಂದಿದ್ದು ಹಿಂದಿನ ದಿನ ಸಂಜೆ."

"ಸಂಜೆನಾ? ಅಷ್ಟೊತ್ಗೆ ನಾನಿನ್ನೂ ಹಾರೆ ಮುಟ್ಟೇ ಇರ್ಲಿಲ್ವಲ್ಲ."

"ಹಾರೆ ಮುಟ್ಟಿರ್ಲಿಲ್ಲ. ನಂಗೂ ಹೇಳ್ಕೊಡ್ತೀರಾ ಅಂದ್ರಲ್ಲ, ಆ ಲೋಟ ಒಳಗಿಟ್ಟು ಸೀದಾ ಅಜ್ಜಿಗೆ ಬೆಲ್ಲ ತರೋಕ್ ಹೇಳ್ದೆ."

ಇಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಬಾನಿ, ಅದೊಂದು ಲೆಕ್ಕಕ್ಕೇ ಇರಲಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಅವಳೂ ನಕ್ಕಳು, ಇಷ್ಟು ವರ್ಷ ತಡೆದುಕೊಂಡಿದ್ದನ್ನೆಲ್ಲ ಸೇರಿಸಿ.

"ಮತ್ತೆ ಮೂರನೇ ದಿನಾನೂ ಒದ್ದೆಯಲ್ಲ. ಅಷ್ಟೊತ್ಗೆ ಒಪ್ಕಂಡಾಗಿತ್ತಲ್ಲ?"

"ಬಾಯ್ಬುಟ್ಟು ಹೇಳೋ ಹಂಗಿರ್ಲಿಲ್ಲವಲ್ಲ" ಎಂದಳು. "ಅದಕ್ಕೇ ಅವತ್ತು ಮೆತ್ತಗೆ ಒದ್ದೆ. ನಿಮಗೆ ಗೊತ್ತಾಗ್ಲಿಲ್ಲ."

ಬಿಸಿ ಒಬ್ಬಟ್ಟನ್ನು ನನ್ನ ತಟ್ಟೆಗೆ ಹಾಕಿ, ತುಪ್ಪದ ಗಿಂಡಿಯನ್ನು ನನ್ನ ಕಡೆ ಒಂದು ಬೆರಳಿನಿಂದ ಸರಿಸಿದಳು.